ಇಂಜೆಕ್ಷನ್ ಮುಗಿಯುವ ಮೊದಲೇ ಡಾಕ್ಟರಿಗೆ ತಿಳಿಯಲಿ

ರಾತ್ರಿ ಹತ್ತು ಗಂಟೆ. ಮುಳಬಾಗಿಲಿನ ಕಡೆಯಿಂದ ತಾಯಿಯನ್ನು ಕೋಲಾರಕ್ಕೆ ಕರೆತಂದ ಮಗ ಚೀಟಿ ಹಿಡಿದು ಮೆಡಿಕಲ್ ಸ್ಟೋರ್‌ಗಳನ್ನು ಸುತ್ತುತ್ತಿದ್ದಾನೆ. ಆಸ್ಪತ್ರೆಯಲ್ಲಿ 'ಇಂಜೆಕ್ಷನ್ ಖಾಲಿ, ಹೊರಗಡೆ ತನ್ನಿ' ಅಂದಿದ್ದಾರೆ. ಮುಗಿಯುತ್ತಾ ಬಂದಿದೆಯೆಂದು ಔಷಧ ಉಗ್ರಾಣಕ್ಕೆ ಗೊತ್ತಿರುತ್ತದೆ, ಬರೆಯುವ ಡಾಕ್ಟರಿಗೆ ಗೊತ್ತಿರುವುದಿಲ್ಲ. ಈ ಅಲೆದಾಟ ಯಾರಿಗೂ ಬರಬಾರದು. ಔಷಧವನ್ನು ಕಂಪ್ಯೂಟರಿನಲ್ಲೇ ಬರೆಯುವ ಆಸ್ಪತ್ರೆ, ಬರೆಯುವ ಹೊತ್ತಿಗೇ ಡಾಕ್ಟರ ಪರದೆಯ ಮೇಲೆ ಎಚ್ಚರಿಕೆ ಬರುವಂತೆ ಮಾಡಿ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ದಾಸ್ತಾನನ್ನು ದಿನಗಳ ಲೆಕ್ಕಕ್ಕೆ ತನ್ನಿ. 240 ವಯಲ್ (ಇಂಜೆಕ್ಷನ್ನಿನ ಪುಟ್ಟ ಬಾಟಲಿ) ಇದೆ ಅಂದರೆ ಸಾಲದು. ದಿನಕ್ಕೆ 30 ಖರ್ಚಾದರೆ ಅದು 8 ದಿನಕ್ಕೆ ಮಾತ್ರ. ಹೊಸ ಸರಕು ಬರಲು 15 ದಿನ ಬೇಕೆಂದಾದರೆ ಎಚ್ಚರಿಕೆ ಇವತ್ತೇ ಶುರುವಾಗಬೇಕು. ವಾರ್ಡಿನ ಕಪಾಟಿನಲ್ಲಿರುವುದನ್ನೂ ಎಣಿಸಿ.

ಆಮೇಲೆ ಡಾಕ್ಟರು, ಫಾರ್ಮಸಿಸ್ಟ್, ನರ್ಸ್ ಒಟ್ಟಿಗೆ ಕೂತು, ಉಳಿದದ್ದು ಯಾರಿಗೆ ಎಂದು ತೀರ್ಮಾನಿಸಬೇಕು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ನನ್ನೇ ತೆಗೆದುಕೊಳ್ಳಿ. ಊಟ ಮಾಡುತ್ತಿರುವ ರೋಗಿಗೆ ಸಾಮಾನ್ಯವಾಗಿ 40 ಮಿಗ್ರಾಂ ಮಾತ್ರೆಯೇ ಸಾಕು. ರಕ್ತವಾಂತಿಯಾದವರಿಗೆ, ನುಂಗಲಾಗದವರಿಗೆ ಇಂಜೆಕ್ಷನ್ ಮೀಸಲಿರಲಿ. ಹಾವು ಕಡಿತಕ್ಕೆ ಕೊಡುವ ವಿಷನಿರೋಧಕ ಎಎಸ್‌ವಿಯಂಥದ್ದಕ್ಕೆ ಬದಲಿಯೇ ಇಲ್ಲ. ಅದರ ಎಚ್ಚರಿಕೆ ನೇರವಾಗಿ ಖರೀದಿ ವಿಭಾಗಕ್ಕೆ ಹೋಗಬೇಕು.

ಮುಖ್ಯವಾದದ್ದು ಎಚ್ಚರಿಕೆಯ ಒಕ್ಕಣೆ. 'ಕೊರತೆ ಇದೆ' ಅಂತ ಬರೆದು ಬಿಟ್ಟರೆ ಡಾಕ್ಟರು ಏನು ಮಾಡಬೇಕು? ಹೀಗಿರಲಿ: 'ಪ್ಯಾಂಟೊಪ್ರಜೋಲ್ ಇಂಜೆಕ್ಷನ್ 8 ದಿನಕ್ಕಷ್ಟೇ ಇದೆ. ರೋಗಿ ನುಂಗಬಲ್ಲರೇ?' ಕೆಳಗೆ ಎರಡು ಬಟನ್: 'ಮಾತ್ರೆ ಬರೆಯಿರಿ', 'ಇಂಜೆಕ್ಷನ್ನೇ ಬೇಕು'. ಮೊದಲನೆಯದನ್ನು ಒತ್ತಿದರೆ ಮಾತ್ರೆಯ ಹೆಸರು, ಪ್ರಮಾಣ ತಾನಾಗಿ ಬರಬೇಕು. ಡಾಕ್ಟರು ನೋಡಿ ಒಪ್ಪಿದರೆ ಆಯಿತು. ಎರಡನೆಯದು ಕಾರಣ ಕೇಳಲಿ: ವಾಂತಿ, ರಕ್ತಸ್ರಾವ, ಬಾಯಿಗೆ ಏನೂ ಕೊಡುವಂತಿಲ್ಲ. ಆದರೆ ದಾರಿಯನ್ನು ಪೂರ್ತಿ ಮುಚ್ಚಬೇಡಿ. ತುರ್ತು ಹೊತ್ತಿನಲ್ಲಿ ಕಂಪ್ಯೂಟರಿನೊಂದಿಗೆ ಗುದ್ದಾಡುವ ಸ್ಥಿತಿ ಯಾವ ಡಾಕ್ಟರಿಗೂ ಬರಬಾರದು.

ಒಂದು ಎಡವಟ್ಟು ಇಲ್ಲಿ ಸುಲಭವಾಗಿ ಆಗುತ್ತದೆ. ಎಚ್ಚರಿಕೆ ಕಾಣುವುದು ಹೊಸದಾಗಿ ಬರೆಯುವಾಗ ಮಾತ್ರ. ಮೂರು ದಿನದಿಂದ ಅದೇ ಇಂಜೆಕ್ಷನ್ ಪಡೆಯುತ್ತಿರುವವರು ಹಾಗೇ ಮುಂದುವರಿಯುತ್ತಾರೆ. ಅವರ ಪಟ್ಟಿಯನ್ನು ಫಾರ್ಮಸಿಸ್ಟ್ ಬೆಳಗಿನ ರೌಂಡ್ಸ್‌ಗೆ ಮುಂಚೆಯೇ ವಾರ್ಡಿಗೆ ಕಳಿಸಬೇಕು.

ಎಲ್ಲ ಔಷಧಕ್ಕೂ ಎಚ್ಚರಿಕೆ ಹಾಕಬೇಡಿ. ಪದೇ ಪದೇ ಬಂದರೆ ಓದದೆಯೇ ಮುಚ್ಚುತ್ತಾರೆ. ಬದಲಿ ಮಾತ್ರೆಯ ದಾಸ್ತಾನನ್ನೂ ದಿನಾ ನೋಡಿ, ಎಲ್ಲರೂ ಅದಕ್ಕೇ ತಿರುಗಿದರೆ ಅದೂ ಬರಿದಾಗುತ್ತದೆ. ಇಂಜೆಕ್ಷನ್ ಬಂದು ಲೆಕ್ಕಕ್ಕೆ ಸೇರಿದ ದಿನವೇ ಎಚ್ಚರಿಕೆಯನ್ನು ತೆಗೆದುಹಾಕಿ.