ಮಳೆಗಾಲಕ್ಕೆ ಉಬ್ಬದ ಸಬ್‌ವೂಫರ್ ಪೆಟ್ಟಿಗೆ

ಬರೀ ಬೇಸ್ ನುಡಿಸುವ ಸ್ಪೀಕರ್ ಅಂದರೆ ಸಬ್‌ವೂಫರ್. ಅದಕ್ಕೆ ನಾನು ಮಾಡಿದ ಮೊದಲ ಪೆಟ್ಟಿಗೆ ಒಂದೇ ಮಳೆಗಾಲಕ್ಕೆ ಕೈಕೊಟ್ಟಿತು. ಯೂಟ್ಯೂಬ್‌ನಲ್ಲಿ ಎಲ್ಲರೂ ಮಾಡುತ್ತಾರೆ ಅಂತ ಎಂಡಿಎಫ್ ಹಲಗೆಯಲ್ಲಿ ಮಾಡಿದ್ದೆ. ಏಪ್ರಿಲ್‌ನಲ್ಲಿ ಚೆನ್ನಾಗೇ ಇತ್ತು. ಆಗಸ್ಟ್ ಹೊತ್ತಿಗೆ ಅಡಿಯ ಅಂಚು ನೆನೆಸಿದ ಅವಲಕ್ಕಿ ಹಾಗೆ ಉಬ್ಬಿತು, ಮೂಲೆಯ ಸಂದು ಬಾಯಿ ಬಿಟ್ಟಿತು, ಸಿನಿಮಾದಲ್ಲಿ ಬಾಂಬ್ ಬಿದ್ದಾಗಲೆಲ್ಲ ಪೆಟ್ಟಿಗೆಯಿಂದ ಪುಸ್ ಪುಸ್ ಅಂತ ಗಾಳಿ ಹೊರಡತೊಡಗಿತು. ಬಿಚ್ಚಿ ನೋಡಿದರೆ ಒಳಗಿನ ಹತ್ತಿಗೆಲ್ಲ ಬೂಷ್ಟು.

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ದೂರ, ತೋಟದ ತಲೆಯ ಮೇಲೆ. ಮಳೆಗಾಲದಲ್ಲಿ ಬಟ್ಟೆಯನ್ನೇ ಬಚ್ಚಲ ಒಲೆಯ ಮೇಲೆ ಒಣಗಿಸುವ ಊರು. ಇಲ್ಲಿ ಮರದ ಹಿಟ್ಟನ್ನು ಒತ್ತಿ ಮಾಡಿದ ಹಲಗೆ ಉಳಿಯುವುದಿಲ್ಲ ಅಂತ ಮೊದಲೇ ಹೊಳೆಯಬೇಕಿತ್ತು. ಕುಮಟಾ, ಕಾರವಾರದ ಕಡೆಯವರಿಗೆ ಇದರ ಮೇಲೆ ಉಪ್ಪು ಗಾಳಿ ಬೇರೆ. ಎರಡನೇ ಪೆಟ್ಟಿಗೆ ಮೂರು ಮಳೆಗಾಲ ಕಂಡಿದೆ, ಇನ್ನೂ ಗಟ್ಟಿ ಇದೆ. ಅದನ್ನು ಮಾಡಿದ್ದು ಹೀಗೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಡ್ರೈವರಿನ (ಪೆಟ್ಟಿಗೆಗೆ ಕೂರಿಸುವ ಬಿಡಿ ಸ್ಪೀಕರಿನ) ಕೋನ್ ಮುಂದೆ ಬಂದಾಗ ಎದುರಿನ ಗಾಳಿಯನ್ನು ತಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಎರಡೂ ಸೇರಿದರೆ ಬೇಸ್ ಅಲ್ಲಲ್ಲೇ ವಜಾ ಆಗುತ್ತದೆ. ಹಿಂದಿನ ಗಾಳಿಯನ್ನು ಕೂಡಿ ಹಾಕುವುದೇ ಪೆಟ್ಟಿಗೆಯ ಕೆಲಸ. ಹಾಗಾಗಿ ಚಂದಕ್ಕಿಂತ ಮೊದಲು ಸಂದು ನೋಡಬೇಕು, ಮತ್ತು ನಮ್ಮ ಕಡೆ ಸಂದು ಬಿಡಿಸುವುದು ಪಸೆ.

ಮೊದಲ ಸಲ ಮಾಡುವವರು ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರ್‌ನಲ್ಲಿ ತೋರಿಸಿದ್ದು ಇದನ್ನೇ, ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್ ಹಾಗೆ ಕೆಲಸ ಮಾಡುತ್ತದೆ. ಪೋರ್ಟ್, ಅಂದರೆ ಗಾಳಿ ಓಡಾಡಲು ಪೈಪಿನ ತೂತು, ಇಟ್ಟ ಪೆಟ್ಟಿಗೆ ಜಾಸ್ತಿ ಗುಡುಗುತ್ತದೆ, ನಿಜ. ಆದರೆ ಅದಕ್ಕೆ ಪೈಪಿನ ಉದ್ದ, ಅಗಲ ಎಲ್ಲ ಸರಿ ಕೂರಬೇಕು, ಪೆಟ್ಟಿಗೆಯೂ ದೊಡ್ಡದಾಗುತ್ತದೆ, ನಮ್ಮಲ್ಲಿ ಆ ತೂತಿನೊಳಗೆ ಜಿರಲೆ ಸಂಸಾರ ಹೂಡುತ್ತದೆ. ಎರಡನೇ ಸಲ ನೋಡೋಣ ಬಿಡಿ.

ಅಳತೆ ಡ್ರೈವರ್‌ನಿಂದ ಹೊರಡಬೇಕು. ಮಾಡಿದ ಪೆಟ್ಟಿಗೆಗೆ ಆಮೇಲೆ ಡ್ರೈವರ್ ಹುಡುಕುವುದು ಅಂದರೆ ಚಪ್ಪಲಿಗೆ ಕಾಲು ಹುಡುಕಿದ ಹಾಗೆ. ಡ್ರೈವರ್ ಜೊತೆ ಬರುವ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಅಂಕಿ ಇರುತ್ತವೆ. ಕ್ರಮವಾಗಿ ಕೋನ್ ತಾನಾಗಿ ನಡುಗುವ ಹರ್ಟ್ಸ್, ಆ ನಡುಕ ಎಷ್ಟು ಹತೋಟಿಯಲ್ಲಿದೆ ಅನ್ನುವುದು, ಕೋನಿನ ಸ್ಪ್ರಿಂಗಿಗೆ ಸಮನಾದ ಗಾಳಿಯ ಅಳತೆ. ಇಲ್ಲದಿದ್ದರೆ ಆ ಡ್ರೈವರ್ ಕೊಳ್ಳಬೇಡಿ. ಉದಾಹರಣೆಗೆ 10 ಇಂಚಿನ ಒಂದು ಡ್ರೈವರ್, ಎಫ್‌ಎಸ್ 32, ಕ್ಯೂಟಿಎಸ್ 0.45, ವಿಎಎಸ್ 40 ಲೀಟರ್ ಅಂದುಕೊಳ್ಳಿ. 0.707ನ್ನು (ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಉಬ್ಬದೆ ಸಮನಾಗಿ ಬರಲಿ ಅಂತ ಇಟ್ಟುಕೊಳ್ಳುವ ಗುರಿ) 0.45ರಿಂದ ಭಾಗಿಸಿ, 1.57 ಬರುತ್ತದೆ. ಅದನ್ನು ಅದರಿಂದಲೇ ಗುಣಿಸಿದರೆ 2.47. ಒಂದು ಕಳೆಯಿರಿ, 1.47. ಈಗ 40ನ್ನು ಇದರಿಂದ ಭಾಗಿಸಿದರೆ ಸುಮಾರು 27 ಲೀಟರ್, ಅಷ್ಟು ಗಾಳಿ ಪೆಟ್ಟಿಗೆಯಲ್ಲಿರಬೇಕು. ಲೆಕ್ಕ ಬೇಡ ಅನ್ನುವವರಿಗೆ ವಿನ್‌ಐಎಸ್‌ಡಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ.

ಡ್ರೈವರಿನ ಆಯಸ್ಕಾಂತ, ಒಳಗಿನ ಪಟ್ಟಿಗಳು ಎರಡೂವರೆ ಲೀಟರ್ ತಿನ್ನುತ್ತವೆ. ಹಾಗಾಗಿ ಒಳಗಿನ ಅಳತೆ ಮೂರೂ ಕಡೆ 310 ಎಂಎಂ ಇಟ್ಟೆ, ಅದು 29.8 ಲೀಟರ್ ಆಗುತ್ತದೆ. ಚಚ್ಚೌಕ ಪೆಟ್ಟಿಗೆ ಮಾಡಬಾರದು ಅಂತ ಹೇಳುವವರು ಇದ್ದಾರೆ. ಮೇಲಿನ ದನಿಗಳನ್ನೂ ನುಡಿಸುವ ಸ್ಪೀಕರ್‌ಗಳಿಗೆ ಆ ಮಾತು ಸರಿ, ಸಬ್‌ಗೆ ಅಲ್ಲ. 100 ಹರ್ಟ್ಸ್‌ನ ಒಂದು ಅಲೆಯೇ 3.4 ಮೀಟರ್ ಉದ್ದ, ಒಂದಡಿ ಪೆಟ್ಟಿಗೆಯೊಳಗೆ ಅದು ಕುಣಿದಾಡುವುದು ಎಲ್ಲಿ?

ಇನ್ನು ಹಲಗೆ. 18 ಎಂಎಂ ಪ್ಲೈವುಡ್, ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಡೆಯುವ) ದರ್ಜೆ, ಶೀಟಿನ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಇದೆ ತಗೊಳ್ಳಿ’ ಅಂತ ಐಎಸ್ 303, ಅಂದರೆ ಸಾಮಾನ್ಯ ಬಳಕೆಯ ಪ್ಲೈ, ತೋರಿಸುತ್ತಾರೆ, ಬೇಡ ಅನ್ನಿ. ನನಗೆ ಮುದ್ರೆಯ ಮೇಲೂ ನಂಬಿಕೆ ಇರಲಿಲ್ಲ. ಒಂದು ತುಂಡನ್ನು ತಂದು ಬಚ್ಚಲ ಹಂಡೆಯಲ್ಲಿ ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೆ ಉರಿ ಇಟ್ಟೆ. ಪದರ ಬಿಡಲಿಲ್ಲ. ಮರುದಿನ ಶೀಟ್ ತಂದೆ. (ಆ ನೀರು ಸ್ನಾನಕ್ಕಲ್ಲ, ಚೆಲ್ಲಿ.)

ಅಪ್ಪನಿಗೆ ಇದು ಸಿಟ್ಟು ತರಿಸಿತು. “ಮಾಳಿಗೆ ಮೇಲೆ ಹಲಸಿನ ಹಲಗೆ ಇದ್ದಲಾ ಮಾರಾಯ, ದುಡ್ಡು ಕೊಟ್ಟು ಪ್ಲೈವುಡ್ ಎಂತಕ್ಕೆ?” ಹಲಸಿನ ಹಲಗೆ ಬಲು ಚಂದ, ಆದರೆ ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಮ್ಮ ಬಾಗಿಲುಗಳು ಜುಲೈನಲ್ಲಿ ಹಾಕಲು ಬರದೆ ಒದ್ದು ಮುಚ್ಚುವುದು ಅದಕ್ಕೇ ಅಲ್ವಾ? ಪ್ಲೈನಲ್ಲಿ ಪದರಗಳು ಅಡ್ಡ ಉದ್ದ ಕೂತಿರುವುದರಿಂದ ಒಂದನ್ನೊಂದು ಹಿಡಿದಿಡುತ್ತವೆ. ಅಪ್ಪನ ಸಮಾಧಾನಕ್ಕೆ ಕಾಲುಗಳನ್ನು ಹಲಸಿನಲ್ಲಿ ಮಾಡಿದೆ.

ಬೇಕಾದ ತುಂಡುಗಳು ಏಳು. ಮೇಲೆ ಕೆಳಗೆ 346 ಅಗಲ 310 ಆಳದ ಎರಡು, ಪಕ್ಕಕ್ಕೆ 310 ಚೌಕದ ಎರಡು, ಹಿಂದೆ 346 ಚೌಕದ ಒಂದು, ಮುಂದೆ ಅದೇ ಅಳತೆಯ ಎರಡು. ಮುಂದಿನ ಎರಡನ್ನೂ ಒಂದರ ಮೇಲೊಂದು ಅಂಟಿಸಿ 36 ಎಂಎಂ ಮಾಡುವುದು, ಡ್ರೈವರ್ ಕೂರುವ ಜಾಗ ಅಲುಗಬಾರದು. ಲೆಕ್ಕ ಹಾಕಿದರೆ ಎಂಟು ಚದರ ಅಡಿ ಚಿಲ್ಲರೆ, 8 ಚದರ ಅಡಿಯ ಕಾಲು ಶೀಟ್ ಹೆಚ್ಚುಕಮ್ಮಿ ಸಾಕು ಅನಿಸುತ್ತದೆ. ಆದರೆ 4 ಅಡಿ 2 ಅಡಿಯ ತುಂಡಿನಲ್ಲಿ ಎರಡನೇ ಸಾಲು ಕೂರುವುದೇ ಇಲ್ಲ. 4 ಅಡಿ ಚೌಕದ ಅರ್ಧ ಶೀಟ್ ತನ್ನಿ. ಪೇಟೆಯಲ್ಲಿ ಟೇಬಲ್ ಗರಗಸ ಇರುವ ಕಡೆ ಕೊಯ್ಯಿಸಿ, ಕೈಗರಗಸದಲ್ಲಿ ಅಂಚು ನೆಟ್ಟಗೆ ಬರುವುದಿಲ್ಲ. ಅದಕ್ಕೂ ಮೊದಲು ದಪ್ಪ ಅಳೆದು ನೋಡಿ, 18 ಅಂತ ಕೊಟ್ಟದ್ದು 17 ಚಿಲ್ಲರೆ ಇರುವುದು ಮಾಮೂಲಿ. ಇದ್ದರೆ 346ನ್ನು ಆ ಪ್ರಕಾರ ಕಡಿಮೆ ಮಾಡಿ.

ಡ್ರೈವರಿನ ತೂತಿಗೆ ರೀಪಿನ ಒಂದು ತುಂಡು ತೆಗೆದುಕೊಂಡು, ಒಂದು ತುದಿಗೆ ಮೊಳೆ, ಇನ್ನೊಂದು ಕಡೆ ಪೆನ್ಸಿಲ್ ಸಿಕ್ಕಿಸಿದರೆ ಕೈವಾರ ಆಯಿತು. ತೂತಿನ ಅಳತೆಯನ್ನು ನಿಮ್ಮ ಡ್ರೈವರಿನ ಚೀಟಿಯಿಂದಲೇ ತೆಗೆದುಕೊಳ್ಳಿ, 10 ಇಂಚು ಅಂದರೆ ಎಲ್ಲವೂ ಒಂದೇ ಅಲ್ಲ. ಗೆರೆಯ ಒಳಗೆ ಡ್ರಿಲ್‌ನಲ್ಲಿ ಒಂದು ತೂತು ಹಾಕಿ, ಅಲ್ಲಿಂದ ಜಿಗ್ ಸಾ ಇಳಿಸಿ ನಿಧಾನಕ್ಕೆ ಸುತ್ತು ಬನ್ನಿ. ಸ್ವಲ್ಪ ಡೊಂಕಾದರೆ ಚಿಂತೆ ಇಲ್ಲ, ಡ್ರೈವರಿನ ಅಂಚು ಮುಚ್ಚುತ್ತದೆ. ತೂತಿನ ಹಿಂಬದಿ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ದಪ್ಪ ಹಲಗೆಯ ಹಿಂದೆ ಡ್ರೈವರ್‌ಗೆ ಉಸಿರಾಡಲು ಜಾಗ ಬೇಕು.

ಜೋಡಿಸುವಾಗ ನಮ್ಮೂರ ಆಚಾರಿಯನ್ನು ಕರೆದಿದ್ದೆ. ನಾನು ಎರಡೆರಡು ಇಂಚಿಗೆ ಸ್ಕ್ರೂ ಹೊಡೆಯುವುದನ್ನು ನೋಡಿ ಅವರು ನಕ್ಕರು. “ಸ್ಕ್ರೂ ಇರೂದು ಅಂಟು ಒಣಗೂತನಕ ಹಿಡ್ಕಳೂಕೆ ಅಷ್ಟೇ ಹೆಗಡೇರೆ, ಆಮೇಲೆ ಕೆಲಸ ಎಲ್ಲ ಅಂಟಿಂದೇ.” ಆಮೇಲೆ ಅಂಟು ಹಚ್ಚುವುದನ್ನು ತೋರಿಸಿಕೊಟ್ಟರು. ಪ್ಲೈನ ಅಂಚು ಅಂಟು ಕುಡಿಯುತ್ತದೆ. ಮೊದಲು ತೆಳ್ಳಗೆ ಒಂದು ಕೈ ಹಚ್ಚಿ, ಹತ್ತು ನಿಮಿಷ ಬಿಟ್ಟು, ಅದು ಒಳಗೆ ಇಳಿದ ಮೇಲೆ ಇನ್ನೊಂದು ಕೈ ಹಚ್ಚಿ ಜೋಡಿಸಬೇಕು. ಬಿಗಿ ಮಾಡಿದಾಗ ಸಂದಿನ ಉದ್ದಕ್ಕೂ ಅಂಟು ಮಣಿಮಣಿಯಾಗಿ ಹೊರಗೆ ಬರಬೇಕು, ಎಲ್ಲಿ ಮಣಿ ಕಾಣಲಿಲ್ಲವೋ ಅಲ್ಲಿ ಗಾಳಿ ಹೊರಡುತ್ತದೆ ಅಂತ ಲೆಕ್ಕ. ಫೆವಿಕಾಲ್ ಮರೈನ್‌ನಂತಹ ನೀರು ತಡೆಯುವ ಅಂಟೇ ಬೇಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್, ಕರಾವಳಿಯಲ್ಲಂತೂ ಬೇರೆ ಮಾತೇ ಇಲ್ಲ. ಸ್ಕ್ರೂಗೆ ಮುಂಚೆ ಸಣ್ಣ ಬಿಟ್‌ನಲ್ಲಿ ದಾರಿ ಮಾಡದಿದ್ದರೆ ಪ್ಲೈ ಸೀಳುತ್ತದೆ.

ಪಕ್ಕದ ಹಲಗೆಗಳು ಮೇಲೆ ಕೆಳಗಿನದಕ್ಕೆ ಸೇರುವ ನಾಲ್ಕು ಮೂಲೆಗೆ ಒಳಗಿಂದ ಒಂದಿಂಚಿನ ರೀಪಿನ ತುಂಡು ಅಂಟಿಸಿ. ಎಡ ಬಲ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ, ಆಯಸ್ಕಾಂತಕ್ಕೆ ತಾಗದ ಹಾಗೆ ಹಿಂದೆ. ಗೆಣ್ಣಿನಿಂದ ಹಲಗೆಗೆ ಕುಟ್ಟಿ ನೋಡಿ. ಅಡ್ಡಪಟ್ಟಿಗೆ ಮುಂಚೆ ಡಬ್ ಅನ್ನುತ್ತದೆ, ಆಮೇಲೆ ಟಕ್ ಅನ್ನುತ್ತದೆ. ಟಕ್ ಅಂದರೆ ಸರಿ.

ಮುಂಭಾಗ ಮುಚ್ಚುವ ಮುಂಚೆ ಒಳಗೆ ಎರಡು ಕೈ ವಾರ್ನಿಶ್ ಬಳಿಯಿರಿ. ಮನೆಯಲ್ಲಿ ಉಳಿದ ಆಯಿಲ್ ಪೇಂಟ್ ಆದರೂ ಆದೀತು, ಬಣ್ಣ ಯಾರು ನೋಡುತ್ತಾರೆ? ಅಂಟಬೇಕಾದ ಅಂಚುಗಳಿಗೆ ಮಾತ್ರ ತಾಗಿಸಬೇಡಿ. ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ನಮ್ಮ ಕಡೆ ಪೆಟ್ಟಿಗೆ ಉಳಿಯುವುದು ಇದರಿಂದಲೇ. ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ನಾರು ಸುಮಾರು 300 ಗ್ರಾಂ, ಹಿಂಜಿ ಸಡಿಲವಾಗಿ ಹಾಕಿ. ಹತ್ತಿ, ಬೂರುಗದ ಹತ್ತಿ ಬೇಡ, ನನ್ನ ಬೂಷ್ಟಿನ ಕತೆ ಹೇಳಿದೆನಲ್ಲ.

ಹಿಂದೆ ವಯರ್ ಸಿಕ್ಕಿಸುವ ಟರ್ಮಿನಲ್‌ನ ಸುತ್ತ ಮತ್ತು ಡ್ರೈವರಿನ ಅಂಚಿನ ಕೆಳಗೆ ಫೋಮ್ ಟೇಪ್ ಕೊಟ್ಟು ಬಿಗಿ ಮಾಡಿ. ಒಳಗೆ ವಯರ್ 1.5 ಚದರ ಎಂಎಂ ಸಾಕು. ಈಗ ಪರೀಕ್ಷೆ. ಸಬ್ಬನ್ನು ಆಂಪ್‌ಗೆ (ಆಂಪ್ಲಿಫೈಯರ್) ಜೋಡಿಸಿ, ಫೋನಿನಿಂದ 30 ಹರ್ಟ್ಸ್ ಟೋನ್ ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ, ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ ಸಂದುಗಳ ಉದ್ದಕ್ಕೂ ನಿಧಾನಕ್ಕೆ ಒಯ್ಯಿರಿ. ಹೊಗೆ ನೆಟ್ಟಗೆ ಏಳುತ್ತಿದ್ದರೆ ಸರಿ, ನಡುಗಿದ ಕಡೆ ಸೋರುತ್ತಿದೆ. ನನಗೆ ಟರ್ಮಿನಲ್‌ನ ಹತ್ತಿರ ಸಿಕ್ಕಿತು, ಎಂ-ಸೀಲ್ ಮೆತ್ತಿ ಮುಗಿಸಿದೆ.

ಫಿನಿಶಿಂಗ್ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಪಸೆ ಇರುವಾಗ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಸ್ಕ್ರೂ ತೂತುಗಳಿಗೆ ಕೊಯ್ದ ಪುಡಿ ಮತ್ತು ಅಂಟು ಕಲಸಿ ತುಂಬಿ. 80, 120, 220 ನಂಬರಿನ ಸ್ಯಾಂಡ್ ಪೇಪರ್ ಕ್ರಮವಾಗಿ, ನಾರಿನ ಉದ್ದಕ್ಕೆ. ಸೀಲರ್ ಒಂದು ಕೈ, ಆಮೇಲೆ ಪಿಯು (ಪಾಲಿಯುರೆಥೇನ್) ವಾರ್ನಿಶ್ ಮೂರು ಕೈ, ನಡುವೆ ನಡುವೆ ಹಗುರಕ್ಕೆ ಉಜ್ಜಿ. ಅಂಚಿಗೆ ಒಂದು ಕೈ ಜಾಸ್ತಿಯೇ ಇರಲಿ. ಕಾಲುಗಳಿಗೆ ಒರಲೆ ಹತ್ತದಿರಲಿ ಅಂತ ಗೇರೆಣ್ಣೆ ಹಚ್ಚಿದೆ, ದೋಣಿಗೆ ಹಚ್ಚುತ್ತಾರಲ್ಲ ಅದೇ. ಗ್ಲೌಸ್ ಹಾಕಿಕೊಳ್ಳಿ, ಚರ್ಮ ಸುಟ್ಟು ಹೋಗುತ್ತದೆ. ಕಾಲಿನ ಅಡಿಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅಂಟಿಸಿದರೆ ಜಾರುವುದೂ ಇಲ್ಲ, ನೆಲದ ಪಸೆಯೂ ಏರುವುದಿಲ್ಲ.

ಇಡುವ ಜಾಗ ಹುಡುಕಲು ಸಬ್ಬನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು, ನೀವು ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ತಿರುಗಿ. ಬೇಸ್ ಎಲ್ಲಿ ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ. ಮನೆಯವರು ನಗುತ್ತಾರೆ, ನಗಲಿ. ರಿಸೀವರ್‌ನಲ್ಲಿ ಕ್ರಾಸ್‌ಓವರ್, ಅಂದರೆ ಎಲ್ಲಿಂದ ಕೆಳಗಿನ ದನಿ ಸಬ್‌ಗೆ ಹೋಗಬೇಕು ಅನ್ನುವ ಗೆರೆ, 80 ಹರ್ಟ್ಸ್‌ನಿಂದ ಶುರು ಮಾಡಿ. ಹೆಂಚಿನ ಮನೆಯಾದರೆ ಇನ್ನೊಂದು ಕೆಲಸ ಇದೆ. ಟೋನನ್ನು 20ರಿಂದ 80ರವರೆಗೆ ನಿಧಾನಕ್ಕೆ ಏರಿಸುತ್ತ ಹೋಗಿ, ಯಾವುದೋ ಒಂದು ಕಡೆ ಸಡಿಲ ಹೆಂಚೋ, ಶೋಕೇಸಿನ ಗಾಜೋ, ಅಡಿಗೆ ಮನೆಯ ಸ್ಟೀಲ್ ಡಬ್ಬವೋ ಗಿಲಿಗಿಲಿ ಅನ್ನುತ್ತದೆ. ನಾನು ಎರಡು ದಿನ ಡ್ರೈವರನ್ನು ಬೈದು ಎರಡು ಸಲ ಬಿಚ್ಚಿದ್ದೆ. ಕೊನೆಗೆ ನೋಡಿದರೆ ನಡುಗುತ್ತಿದ್ದದ್ದು ಉಪ್ಪಿನಕಾಯಿ ಭರಣಿಯ ಮುಚ್ಚಳ.

ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಹಾಕಿ, ಆಂಪ್ ಬೆಚ್ಚಗಿದ್ದರೆ ಪಸೆ ಹಿಡಿಯುವುದಿಲ್ಲ. ಮೇ ತಿಂಗಳ ಗುಡುಗು ಶುರುವಾದರೆ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಿ. ನನ್ನ ಮೊದಲ ಆಂಪ್ ಬೋರ್ಡು ಹೋದದ್ದು ಸಿಡಿಲಿಗೇ.