‘ವೆರಿ ಫ್ರೀಜಿಂಗ್’ ಎನ್ನಬಾರದೇಕೆ? ಇಂಗ್ಲಿಷ್‌ನ ತುತ್ತತುದಿಯ ಪದಗಳ ಬಳಕೆ

‘ತುಂಬಾ ಹೊಚ್ಚಹೊಸ ಸೀರೆ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ‘ಸ್ವಲ್ಪ ಕಗ್ಗತ್ತಲೆ’ ಎಂದರೂ ಕಿವಿಗೆ ಕಚ್ಚುತ್ತದೆ. ಹೊಚ್ಚಹೊಸ, ಕಗ್ಗತ್ತಲೆ, ನಟ್ಟನಡು, ಕಡುಬಡವ ಇವುಗಳ ಹೊಟ್ಟೆಯಲ್ಲೇ ‘ತುಂಬಾ’ ಕೂತಿದೆ. ಇಂಗ್ಲಿಷ್‌ನಲ್ಲಿ ಫ್ರೀಜಿಂಗ್, ಎಕ್ಸಾಸ್ಟೆಡ್ (ತೀರಾ ದಣಿದ), ಫ್ಯೂರಿಯಸ್ (ಕಡುಕೋಪದ), ಎನಾರ್ಮಸ್ (ಭಾರಿ ದೊಡ್ಡ) ಇದೇ ಜಾತಿಯ ತುದಿಯ ಪದಗಳು. ಫ್ರೀಜಿಂಗ್ ಎಂದರೆ ವೆರಿ ಕೋಲ್ಡ್. ಅದರ ಮುಂದೆ ಇನ್ನೊಂದು ‘ವೆರಿ’ ಸೇರಿಸಿದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ.

ಒಂದು ಪದ ಯಾವ ಜಾತಿಯದು ಎಂಬ ಅನುಮಾನ ಬಂದರೆ ಮುಂದೆ ‘ಎ ಬಿಟ್’ ಇಟ್ಟು ನೋಡಿ. ‘ಎ ಬಿಟ್ ಟೈರ್ಡ್’ ಸರಾಗ. ‘ಎ ಬಿಟ್ ಎಕ್ಸಾಸ್ಟೆಡ್’ ತಮಾಷೆಗಷ್ಟೇ ಸರಿ. ಮೊದಲನೆಯದು ಸಾಮಾನ್ಯ ಪದ, ಅದಕ್ಕೆ ವೆರಿ, ಎಕ್ಸ್‌ಟ್ರೀಮ್‌ಲಿ ಹೊಂದುತ್ತವೆ. ಎರಡನೆಯದು ತುದಿಯ ಪದ, ಅದಕ್ಕೆ ಆ್ಯಬ್ಸಲ್ಯೂಟ್‌ಲಿ ಬೇಕು: ‘ಆ್ಯಬ್ಸಲ್ಯೂಟ್‌ಲಿ ಎಕ್ಸಾಸ್ಟೆಡ್’. ತಿರುಗಿಸಿ ‘ಆ್ಯಬ್ಸಲ್ಯೂಟ್‌ಲಿ ಟೈರ್ಡ್’ ಎಂದರೂ ತಪ್ಪೇ. ‘ರಿಯಲಿ’ ಮಾತ್ರ ಎರಡೂ ಮನೆಯ ನೆಂಟ. ಮಾತಿನ ಭರದಲ್ಲಿ ಯಾವುದೂ ಹೊಳೆಯದಿದ್ದರೆ ಅದನ್ನೇ ಹಿಡಿಯಿರಿ.

‘ಕ್ವೈಟ್’ ಮೋಸಗಾರ. ಬ್ರಿಟಿಷರ ಬಾಯಲ್ಲಿ ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ಪರವಾಗಿಲ್ಲ ಎಂದು. ‘ಕ್ವೈಟ್ ಬ್ರಿಲಿಯಂಟ್’ ಎಂದರೆ ಪೂರ್ತಿ ಮೆಚ್ಚುಗೆ. ಮುಂದಿನ ಪದ ತುದಿಯದಾದರೆ ‘ಕ್ವೈಟ್’ನ ಅರ್ಥವೇ ಬದಲಾಗುತ್ತದೆ.

ಜೋಡಿಗಳನ್ನು ಒಟ್ಟಿಗೇ ಕಲಿಯುವುದು ಲೇಸು: ಹಂಗ್ರಿ–ಸ್ಟಾರ್ವಿಂಗ್, ಡರ್ಟಿ–ಫಿಲ್ದಿ, ಕ್ಲೀನ್–ಸ್ಪಾಟ್‌ಲೆಸ್, ಫನಿ–ಹಿಲೇರಿಯಸ್, ಸ್ಕೇರ್ಡ್–ಟೆರಿಫೈಡ್, ಸ್ಮಾಲ್–ಟೈನಿ, ವೆಟ್–ಸೋಕ್ಡ್, ಕ್ರೌಡೆಡ್–ಪ್ಯಾಕ್ಡ್. ಸಂಭಾಷಣೆಯಲ್ಲಿ ಇವು ಪ್ರಶ್ನೆ–ಉತ್ತರವಾಗಿಯೂ ಬರುತ್ತವೆ. ‘ಆರ್ ಯೂ ಹಂಗ್ರಿ?’ ಎಂದವರಿಗೆ ‘ಯೆಸ್, ಐ ಆಮ್ ವೆರಿ ಹಂಗ್ರಿ’ ಎನ್ನುವುದಕ್ಕಿಂತ ‘ಐ ಆಮ್ ಸ್ಟಾರ್ವಿಂಗ್!’ ಎಂಬುದೇ ಜೀವಂತ.

ಎಡವುವುದು ಹೆಚ್ಚಾಗಿ ಸಮಾನಾರ್ಥಕಗಳಲ್ಲಿ. ನಿಘಂಟಿನಲ್ಲಿ ಪಕ್ಕಪಕ್ಕ ಕೂತ ಪದಗಳು ಬಳಕೆಯಲ್ಲಿ ಬೇರೆ ಬೇರೆ ಜಾಗ ಹಿಡಿಯುತ್ತವೆ. ಸ್ಕಾರ್ಚಿಂಗ್ ಎಂಬುದು ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಸರಿ, ಕಾಫಿಗಲ್ಲ. ಹಬೆಯಾಡುವ ಕಾಫಿಗೆ ‘ಪೈಪಿಂಗ್ ಹಾಟ್’. ಅಡುಗೆಮನೆ ಸ್ಪಾಟ್‌ಲೆಸ್, ನದಿಯ ನೀರು ‘ಕ್ರಿಸ್ಟಲ್ ಕ್ಲಿಯರ್’. ಕೋಪದಲ್ಲಿ ಲಿವಿಡ್ ಎಂಬುದು ಫ್ಯೂರಿಯಸ್‌ಗೆ ಸರಿಸಮ, ಮುಖ ಬಣ್ಣಗೆಟ್ಟಷ್ಟು ಸಿಟ್ಟು. ತೀರ ಚಿಕ್ಕದು ಎಂಬರ್ಥದ ಮೈನ್ಯೂಟ್‌ನ ಕಾಗುಣಿತ ಗಡಿಯಾರದ ಮಿನಿಟ್‌ನದೇ, ಉಚ್ಚಾರ ಮಾತ್ರ ಬೇರೆ.

ಕೆಲವು ತುದಿಗಳಿಗೆ ಅವುಗಳದೇ ಜೋಡಿ ಉಂಟು, ಬದಲಿಸುವಂತಿಲ್ಲ: ಹೊಚ್ಚಹೊಸದಕ್ಕೆ ‘ಬ್ರ್ಯಾಂಡ್ ನ್ಯೂ’, ಕಗ್ಗತ್ತಲಿಗೆ ‘ಪಿಚ್ ಡಾರ್ಕ್’, ಗಾಢನಿದ್ರೆಗೆ ‘ಫಾಸ್ಟ್ ಅಸ್ಲೀಪ್’, ಅತಿ ಅಗ್ಗಕ್ಕೆ ‘ಡರ್ಟ್ ಚೀಪ್’. ‘ಫಿಲ್ದಿ ರಿಚ್’ ಎಂಬುದರಲ್ಲಿ ಹೊಟ್ಟೆಕಿಚ್ಚಿನ ವಾಸನೆ ಇರುವುದರಿಂದ ಅದನ್ನು ಎದುರಿಗಿದ್ದವರಿಗೆ ಹೇಳಬೇಡಿ.

ಎಂಪ್ಟಿ, ಫುಲ್, ಪರ್ಫೆಕ್ಟ್, ಡೆಡ್ ಇವು ಇದೆ ಅಥವಾ ಇಲ್ಲ ಎಂಬ ಬಗೆಯವು. ಇವಕ್ಕೆ ಕಂಪ್ಲೀಟ್‌ಲಿ, ಆಲ್‌ಮೋಸ್ಟ್ ಹೊಂದುತ್ತವೆ: ‘ದಿ ಟ್ಯಾಂಕ್ ಈಸ್ ಆಲ್‌ಮೋಸ್ಟ್ ಎಂಪ್ಟಿ’.

ಬರವಣಿಗೆಯಲ್ಲಿ ಕೈ ಬಿಗಿಹಿಡಿಯಬೇಕು. ಬೆಂಗಳೂರಿನ 15 ಡಿಗ್ರಿಯ ಬೆಳಗನ್ನು ‘ಫ್ರೀಜಿಂಗ್’ ಎಂದು ಗೆಳೆಯರಿಗೆ ಹೇಳಬಹುದು; ವರದಿಯಲ್ಲಿ ಬರೆದರೆ ಓದುವವರು 0 ಡಿಗ್ರಿ ಎಂದುಕೊಂಡಾರು. ಟೆರಿಫಿಕ್ ಪದವೂ ಜಾರುವ ಜಾಗ. ಟೆರಿಬಲ್‌ನಂತೆ ಅದೂ ಹೆದರಿಕೆಯ ಬೇರಿನಿಂದಲೇ ಬಂದದ್ದಾದರೂ ಇಂದಿನ ಮುಖ್ಯ ಅರ್ಥ ‘ಅದ್ಭುತ’. ಅಪಘಾತಕ್ಕೆ ಟೆರಿಬಲ್, ಸಿಕ್ಸರ್‌ಗೆ ಟೆರಿಫಿಕ್. ಹಾಗೆಯೇ ಆಫುಲ್ ತೆಗಳಿಕೆ, ಆಸಮ್ ಹೊಗಳಿಕೆ.

ಇನ್ನು ನಮ್ಮವರ ‘ಟೂ’. ಅದು ‘ತುಂಬಾ’ ಅಲ್ಲ, ‘ಅತಿಯಾಯಿತು’ ಎಂದು. ಇಂಗ್ಲಿಷ್ ಮನೆಮಾತಿನವರು ಬಡಿಸಿದ ಸಿಹಿಯನ್ನು ‘ಟೂ ಸ್ವೀಟ್’ ಎಂದು ಹೊಗಳಿದರೆ, ಸಕ್ಕರೆ ಜಾಸ್ತಿಯಾಯಿತೆಂದು ಅವರು ಕ್ಷಮೆ ಕೇಳುತ್ತಾರೆ. ಅಲ್ಲಿ ‘ಆ್ಯಬ್ಸಲ್ಯೂಟ್‌ಲಿ ಡಿಲಿಶಿಯಸ್’ ಎಂದರೆ ಇನ್ನೊಂದು ಬಟ್ಟಲು ಬರುತ್ತದೆ.