ಡಲ್ಲಾಸ್ ಹಿತ್ತಲಿಗೆ ಯಾವ ಪಾಮ್? ಹೊಸದಾಗಿ ಮನೆ ಮಾಡಿದವರಿಗೆ

ಅಮೆರಿಕದ ಡಲ್ಲಾಸ್ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆ ಮನೆ ತಗೊಂಡ ನಮ್ಮವರು ಮೊದಲ ಬೇಸಿಗೆಯಲ್ಲೇ ಕೇಳುತ್ತಾರೆ: ಹಿತ್ತಲಲ್ಲಿ ನಾಲ್ಕು ಅಡಿಕೆ ಗಿಡ ಹಾಕಬಹುದಾ? ಒಂದು ತೆಂಗು? ಜುಲೈ ಬಿಸಿಲು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಆಗುವುದಿಲ್ಲ. ಬೆಂಗಳೂರಲ್ಲಿ ಗೇಟಿನ ಪಕ್ಕ, ಛತ್ರದ ಬಾಗಿಲಲ್ಲಿ ಸಾಲಾಗಿ ಇಡುತ್ತಾರಲ್ಲ, ಆ ಅರೆಕಾ ಪಾಮ್ ಕೂಡ ಆಗುವುದಿಲ್ಲ. ಅದು ಮಡಗಾಸ್ಕರ್ ಗಿಡ. ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ಗರಿ ಸುಟ್ಟೇ ಹೋಗುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಅಲ್ಲಿ ಗಿಡ ಬೆಳೆಸಿದವರಿಗೆ ನೀರು, ಬಿಸಿಲು, ಗೊಬ್ಬರದ ಲೆಕ್ಕ ಗೊತ್ತು. ಚಳಿಯ ಲೆಕ್ಕ ಬೇಕಾಗಿಯೇ ಇರಲಿಲ್ಲ. ಇಲ್ಲಿ ಶುರು ಮಾಡಬೇಕಾದ್ದೇ ಚಳಿಯ ಲೆಕ್ಕದಿಂದ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಈ ಚಳಿ ತಡೆದುಕೊಂಡು, ಬುಡದಲ್ಲಿ ಬಾಳೆಯ ಹಾಗೆ ಕಂದು (ಮರಿಗಿಡ) ಒಡೆದು ಮೆಳೆಯಾಗುವ ಪಾಮ್ ಇದೆ. ಅದರ ಹೆಸರು ನೀಡಲ್ ಪಾಮ್. ಹೊಸಬರು ಯಾರು ಕೇಳಿದರೂ ನಾನು ಹೇಳುವುದು ಇದೊಂದನ್ನೇ.

ನರ್ಸರಿಯಲ್ಲಿ ಗಿಡದ ಚೀಟಿ ಮೇಲೆ ಒಂದು ವಲಯದ ಸಂಖ್ಯೆ ಇರುತ್ತದೆ. ಅದು ಇಲ್ಲಿನ ಕೃಷಿ ಇಲಾಖೆಯ ನಕ್ಷೆಯಿಂದ ಬಂದದ್ದು, ಸಂಖ್ಯೆ ಕಡಿಮೆಯಾದಷ್ಟೂ ಚಳಿ ಜಾಸ್ತಿ. ಹೊಸ ನಕ್ಷೆ 2023ರಲ್ಲಿ ಬಂತು. ಡಲ್ಲಾಸ್ ಸುತ್ತಮುತ್ತ ವಲಯ 8. ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 12ರಿಂದ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಒಳಗೆ ಇರುತ್ತದೆ. ಇದು ಮೂವತ್ತು ವರ್ಷದ ಸರಾಸರಿ. ಗಿಡ ಸಾಯುವುದು ಸರಾಸರಿ ರಾತ್ರಿಯಲ್ಲಿ ಅಲ್ಲ. 2021ರ ಫೆಬ್ರವರಿ 16ರಂದು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್ ದಾಖಲಾಯಿತು, ಸುಮಾರು ಮೈನಸ್ 19 ಡಿಗ್ರಿ ಸೆಲ್ಸಿಯಸ್. ಅದು ವಲಯ 6ರ ಚಳಿ. ಮೇಲೆ ಕರೆಂಟೂ ಇಲ್ಲ. ಮಕ್ಕಳನ್ನು ಒಂದೇ ಕೋಣೆಯಲ್ಲಿ ಸೇರಿಸಿ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ಕಳೆದ ದಿನಗಳವು. ಆ ವಾರ ಯಾರಿಗೂ ಗಿಡದ ಯೋಚನೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅದಕ್ಕೇ ಹೇಳುವುದು: ನೀವು ನೋಡಿಕೊಳ್ಳಲು ಆಗದ ವಾರದಲ್ಲೂ ತಾನೇ ಬದುಕುವ ಗಿಡ ನೆಡಿ. ಚೀಟಿಯಲ್ಲಿ 8 ಅಂತ ಇದ್ದರೆ ಸಾಲದು, 6 ಅಥವಾ 7 ಇರಲಿ.

ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿದವರಿಗೆ ಸುಳಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಪಾಮ್ ಜಾತಿಯ ಒಂದು ಕಾಂಡಕ್ಕೆ ಜೀವ ಇರುವುದು ತುದಿಯಲ್ಲಿ ಹೊಸ ಗರಿ ಹುಟ್ಟುವ ಆ ಒಂದು ಸುಳಿಯಲ್ಲಿ. ಮಾವು, ಹಲಸಿನಂತೆ ಕೊಂಬೆ ಒಣಗಿದರೆ ಪಕ್ಕದಲ್ಲಿ ಚಿಗುರುವುದಿಲ್ಲ. ಇಲ್ಲಿ ಈಜುಕೊಳದ ಪಕ್ಕ ಆಸೆಪಟ್ಟು ನೆಡುವ ಕ್ವೀನ್ ಪಾಮ್ ಒಂಟಿ ಕಾಂಡದ್ದು. ಅದರ ಸುಳಿ ಎತ್ತರದಲ್ಲಿ ಗಾಳಿಗೆ ಬಿದ್ದಿರುತ್ತದೆ. ಸುಳಿ ಹೆಪ್ಪುಗಟ್ಟಿದರೆ ಮರವೇ ಹೋಯಿತು. ಮೆಳೆಯಾಗುವ ಜಾತಿಯಲ್ಲಿ ಕಾಂಡಕ್ಕೊಂದು ಸುಳಿ. ಎಳೆಯ ಕಂದುಗಳ ಸುಳಿ ಮಣ್ಣಿನ ಮಟ್ಟದಲ್ಲೋ ಅದರೊಳಗೋ ಇರುತ್ತದೆ. ಭೂಮಿ ಹಗಲು ಹಿಡಿದಿಟ್ಟ ಶಾಖ ಅವುಗಳನ್ನು ಕಾಯುತ್ತದೆ. ದೊಡ್ಡ ಕಾಂಡ ಸತ್ತರೂ ವಂಶ ಉಳಿಯುತ್ತದೆ.

ನೀಡಲ್ ಪಾಮ್ ಅಮೆರಿಕದ ಆಗ್ನೇಯ ಭಾಗದ್ದು. ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ ಕಡೆಯ ತೇವದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುತ್ತದೆ. ಚಳಿ ತಡೆಯುವುದರಲ್ಲಿ ಪಾಮ್‌ಗಳಲ್ಲೆಲ್ಲ ಮೊದಲನೆಯದು ಅಂತ ಇದಕ್ಕೆ ಹೆಸರು. ಚೆನ್ನಾಗಿ ಬೇರೂರಿದ ಗಿಡ ಸುಮಾರು ಮೈನಸ್ 20 ಡಿಗ್ರಿಯನ್ನೂ ದಾಟಿ ಬರುತ್ತದೆ. ಹತ್ತಿರ ಕೂತು ಗರಿಗಳನ್ನು ಸರಿಸಿ ನೋಡಿ. ಬೀಸಣಿಗೆಯಂಥ ಎಲೆ, ಮೇಲೆ ಕಡು ಹಸಿರು, ಕೆಳಗೆ ಬೆಳ್ಳಿ ಬಣ್ಣ. ಬುಡದಲ್ಲಿ ಕಂದು ಬಣ್ಣದ ನಾರು ದಟ್ಟವಾಗಿ ಸುತ್ತಿಕೊಂಡಿರುತ್ತದೆ. ಆ ನಾರಿನ ನಡುವಿಂದ ಕಪ್ಪು ಸೂಜಿಗಳು ಮೇಲ್ಮುಖವಾಗಿ ಎದ್ದಿರುತ್ತವೆ. ಬಲಿತ ಸೂಜಿ ಹತ್ತಿರ ಹತ್ತಿರ ಗೇಣುದ್ದ. ಒಳಗೆ ಕೈ ಹಾಕಲು ಆಗುವುದೇ ಇಲ್ಲ. ಅದರ ನಟ್ಟನಡುವೆ ಸುಳಿ. ಮಕ್ಕಳು ಚೆಂಡಾಡುವ ಜಾಗದಿಂದ ದೂರ ನೆಡಿ, ಕಾಲುದಾರಿ ಅಂಚಿಗಂತೂ ಬೇಡ. ಇದು ಆಳೆತ್ತರಕ್ಕಿಂತ ಜಾಸ್ತಿ ಹೋಗುವುದು ಅಪರೂಪ, ಆದರೆ ಅಷ್ಟೇ ಅಗಲ ಹರಡುತ್ತದೆ. ಬೆಳವಣಿಗೆ ಬಹಳ ನಿಧಾನ. ಆದ್ದರಿಂದ ದುಡ್ಡು ಸ್ವಲ್ಪ ಜಾಸ್ತಿಯಾದರೂ ದೊಡ್ಡ ಕುಂಡದ ಗಿಡವನ್ನೇ ತನ್ನಿ. ಕಾಡಿಂದ ಕಿತ್ತು ತಂದದ್ದಲ್ಲ, ನರ್ಸರಿಯಲ್ಲೇ ಬೆಳೆಸಿದ್ದು ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಕಾಡಿನಲ್ಲಿ ಇದು ಕಡಿಮೆಯಾಗುತ್ತಿದೆ.

ಇನ್ನೊಂದು ಮೆಳೆ ಪಾಮ್ ಮೆಡಿಟರೇನಿಯನ್ ಕಡೆಯದು, ನರ್ಸರಿಯಲ್ಲಿ ಯೂರೋಪಿಯನ್ ಫ್ಯಾನ್ ಪಾಮ್ ಅನ್ನುತ್ತಾರೆ. ಇಟಲಿಯ ಪಾದುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟದ್ದು ಇಂದಿಗೂ ಇದೆ, ಗಾಜಿನ ಮನೆಯೊಳಗೆ. ನೋಡಲು ಇದೇ ಜಾಸ್ತಿ ಚೆಂದ. ಆದರೆ ಮೈನಸ್ 10ರ ಆಸುಪಾಸಿನಲ್ಲಿ ಗರಿ ಹಾಳಾಗುತ್ತದೆ, ಚಳಿಗಾಲದಲ್ಲಿ ಬುಡ ಒದ್ದೆಯಿದ್ದರೆ ಇನ್ನೂ ಬೇಗ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಪಕ್ಕ ಎತ್ತರದ ಜಾಗ ಇದ್ದರೆ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಲೇಡಿ ಪಾಮ್ ಸಾಕು. ಅದೂ ಮೆಳೆಯೇ, ನೆರಳನ್ನು ಇಷ್ಟಪಡುತ್ತದೆ, ಕುಂಡದಲ್ಲಿ ವರ್ಷಗಟ್ಟಲೆ ಇರುತ್ತದೆ. ಚಳಿ ಶುರುವಾದಾಗ ಕರಿಬೇವಿನ ಜೊತೆ ಅದನ್ನೂ ಒಳಗೆ ತನ್ನಿ.

ಇನ್ನು ನೆಡುವ ಕಾಲದ ಮಾತು. ಮಳೆ ಹಿಡಿದಾಗ ಗಿಡ ಹಾಕುವುದು ನಮ್ಮ ರೂಢಿ, ಅಲ್ವಾ? ಇಲ್ಲಿ ಮಳೆ ನೋಡಬೇಡಿ, ಮಣ್ಣಿನ ಬಿಸಿ ನೋಡಿ. ಪಾಮ್ ಬೇರು ಬಿಡುವುದು ಬೆಚ್ಚಗಿನ ಮಣ್ಣಿನಲ್ಲಿ. ಏಪ್ರಿಲ್ ಕೊನೆಯಿಂದ ಜೂನ್ ಒಳಗೆ ನೆಟ್ಟರೆ ಒಂದು ಪೂರ್ತಿ ಬೇಸಿಗೆ ಸಿಗುತ್ತದೆ. ಶರತ್ಕಾಲದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ತಂದು ನೆಡಬೇಡಿ, ಬೇರಿಲ್ಲದೆ ಮೊದಲ ಚಳಿಗೇ ಸಿಕ್ಕಿಬೀಳುತ್ತದೆ. ಇಲ್ಲಿನ ಮಣ್ಣು ನಮ್ಮ ವಿಜಯಪುರ, ಧಾರವಾಡ ಕಡೆಯ ಎರೆಮಣ್ಣಿನ ಜಾತಿಯದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಅಂಟು. ಗುಂಡಿ ಅಗಲವಾಗಿರಲಿ, ಆಳ ಬೇಡ. ಬುಡ ನೆಲಕ್ಕಿಂತ ತುಸು ಮೇಲೆ ಕೂರಲಿ. ಎಚ್‌ಒಎಗೆ (ಬಡಾವಣೆಯ ಮನೆ ಮಾಲೀಕರ ಸಂಘ) ಅನುಮತಿ ಅರ್ಜಿ ಹಾಕಿ, ನೆಲದೊಳಗಿನ ಗ್ಯಾಸ್, ಕರೆಂಟ್ ಲೈನ್ ಎಲ್ಲಿವೆ ಅಂತ ತಿಳಿಯಲು ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ಊರಿಂದ ಗಿಡ, ಮಣ್ಣು ಸೂಟ್‌ಕೇಸಿನಲ್ಲಿ ತರಬೇಡಿ, ಬಿಡುವುದಿಲ್ಲ.

ಮುಂದಿನದು ಹಬ್ಬದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ. ಗೌರಿ ಗಣೇಶದ ಹೊತ್ತಿಗೆ ಸಾರಜನಕದ ಗೊಬ್ಬರ ನಿಲ್ಲಿಸಿ, ಪೊಟ್ಯಾಷ್ ಕೊಡಿ. ಎಳೆ ಗರಿ ಚಳಿಗೆ ಸಿಗಬಾರದು. ದೀಪಾವಳಿಗೆ ಬುಡಕ್ಕೆ ಒಣ ಎಲೆ, ಮರದ ಚಕ್ಕೆ ದಪ್ಪಗೆ ಹಾಸಿ. ಸಂಕ್ರಾಂತಿಯ ಆಚೆ ಈಚೆ ಹವಾಮಾನ ವರದಿ ದಿನಾ ನೋಡಿ. ಕಡು ಚಳಿ ಬರುತ್ತದೆ ಅಂದರೆ ಹಿಂದಿನ ದಿನ ಬುಡಕ್ಕೆ ನೀರು ಕೊಡಿ, ಹೊಸ ಗಿಡವಾದರೆ ಬಟ್ಟೆ ಹೊದಿಸಿ. ಬಟ್ಟೆಯ ಅಂಚು ನೆಲ ಮುಟ್ಟಬೇಕು, ಇಲ್ಲದಿದ್ದರೆ ಶಾಖ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹಾಳೆ ಗರಿಗೆ ತಾಗಬಾರದು. ಒಳಗೆ ದೀಪದ ಸರ ಬಿಡುವುದಾದರೆ ಹಳೇ ಬಲ್ಬಿನದು ಬೇಕು. ಎಲ್‌ಇಡಿ ಬಿಸಿಯಾಗುವುದಿಲ್ಲ.

ಯುಗಾದಿ ತನಕ ಕತ್ತರಿ ಮುಟ್ಟಬೇಡಿ. ಮನೆ ಮುಂದೆ ಒಣಗರಿ ಇಟ್ಟುಕೊಳ್ಳುವುದು ನಮಗೆ ಕಷ್ಟ, ನಿಜ. ಆದರೆ ಸುಟ್ಟ ಗರಿಯೇ ಒಳಗಿನ ಸುಳಿಗೆ ಹೊದಿಕೆ. ಇಲ್ಲಿ ಮಾರ್ಚ್ ಮಧ್ಯದವರೆಗೂ ಹಿಮ ಬೀಳುವುದುಂಟು. ಆಮೇಲೆ ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಸುಳಿಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿ ನಿಂತರೆ ಯೋಚನೆ ಇಲ್ಲ. ಕೈಗೇ ಬಂದರೆ ತುದಿ ಮೂಸಿ. ಕಂದು ಬಣ್ಣ, ಮೆತ್ತಗೆ, ಹುಳಿ ವಾಸನೆ ಇದ್ದರೆ ಕೊಳೆ ಹಿಡಿದಿದೆ ಅಂತ. ತಾಮ್ರದ ಶಿಲೀಂಧ್ರನಾಶಕವನ್ನು ಆ ಸಂದಿಗೆ ಬಿಡಿ. ಮಲೆನಾಡಿನವರು ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಕೆಲಸ ಮಾಡುವುದು ತಾಮ್ರವೇ. ಗಿಡ ಕಿತ್ತು ಎಸೆಯುವ ಆತುರ ಬೇಡ, ಜುಲೈ ತನಕ ಬುಡ ನೋಡುತ್ತಿರಿ.

ನನಗೆ ಇದು ಬರೀ ಗಿಡದ ವಿಷಯ ಅಲ್ಲ. ಉದುರಿದ ಅಡಿಕೆ ಸೋಗೆಯ ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಅಂಗಳದ ತುಂಬ ಎಳೆದುಕೊಂಡು ಓಡುವ ಆಟ ಇಲ್ಲಿನ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಆ ಅಂಗಳವನ್ನು ಕುಂಡದಲ್ಲಿಟ್ಟು ಹೀಟರ್ ಹಾಕಿ ಉಳಿಸಲು ಹೋದವರನ್ನು ಕಂಡಿದ್ದೇನೆ. ಪ್ರತಿ ಚಳಿಗಾಲ ಒಂದು ಅಡಿಕೆ ಗಿಡದ ಸಾವು, ಮಕ್ಕಳ ಎದುರಿಗೇ. ಅದರಿಂದ ಮಕ್ಕಳು ಕಲಿಯುವುದು ನಮ್ಮದು ಅನ್ನುವುದೆಲ್ಲ ಇಲ್ಲಿ ಬದುಕುವುದಿಲ್ಲ ಅಂತ. ನನಗೆ ಅದು ಬೇಡ. ನಮ್ಮ ಮಕ್ಕಳು ಹುಟ್ಟಿದ ನೆಲದಲ್ಲೇ ಹುಟ್ಟಿದ ಪಾಮ್ ಅವರ ಹಿತ್ತಲಲ್ಲಿರಲಿ. ಅದಕ್ಕೆ ನೀರು ಹಾಕುತ್ತಾ ಸುಳಿ, ಗರಿ, ಕಂದು, ಪಾತಿ ಅನ್ನುವ ಮಾತುಗಳನ್ನು ಅವರು ನಮ್ಮ ಬಾಯಿಂದ ಕೇಳಲಿ. ಮಾತು ಉಳಿಯುವುದಕ್ಕೆ ಕೈಗೆ ಕೆಲಸ ಬೇಕು.

ಮೆಳೆ ಬಲಿತ ಮೇಲೆ ಕಂದು ಕೇಳುವವರು ಬರುತ್ತಾರೆ. ಕೊಡಿ. ಆದರೆ ಸ್ವಂತ ಬೇರು ಬಿಟ್ಟ ಕಂದನ್ನೇ ಆರಿಸಿ, ಮೇ ತಿಂಗಳಲ್ಲಿ ಚೂಪಾದ ಸನಿಕೆಯಿಂದ ಬೇರ್ಪಡಿಸಿ. ಒಂದು ಪೂರ್ತಿ ಬೇಸಿಗೆ ಕುಂಡದಲ್ಲಿ, ನೆರಳಲ್ಲಿ ಇಟ್ಟುಕೊಂಡು ಹೊಸ ಗರಿ ಬಂದ ಮೇಲೆ ಕೈಗೆ ಕೊಡಿ. ಮೊದಲ ಚಳಿಗಾಲ ಅದನ್ನು ಗ್ಯಾರೇಜಿನಲ್ಲಿಟ್ಟು, ಮುಂದಿನ ಏಪ್ರಿಲ್ ಕೊನೆಗೆ ನೆಡಲು ಹೇಳಿ.